ಪರದೆಯ ಆಚೆಯ ಹಸಿರು ಬಾಣ

ನನ್ನ ಹೆಂಡತಿ ಜಹನಾರಾ ಮತ್ತು ನಾನು ಜಗಳವಾಡುವುದನ್ನು ನಿಲ್ಲಿಸಿ ಬಹಳ ಕಾಲವಾಯಿತು. ಇದನ್ನು ಕೇಳಿ ನೀವು ಸಂತೋಷಪಡಬಾರದು. ಜಗಳವಾಡಬೇಕಾದರೆ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಬೇಕು. ನಮಗೆ ಅಷ್ಟು ಪುರುಸೊತ್ತಿಲ್ಲ. ನಮ್ಮ ಒಂದು ದಿನದ ದಾಂಪತ್ಯ ಸಲ್ಲಾಪವನ್ನು ಚೂರೂ ಬಿಡದೆ ಇಲ್ಲಿ ಕೊಡುತ್ತೇನೆ.

"ಗ್ಯಾಸ್ ಬುಕ್ ಮಾಡಿದ್ರಾ?"

"ಹೂಂ."

"ಬಿ.ಪಿ. ಮಾತ್ರೆ ತಗೊಂಡ್ರಾ?"

"ಹೂಂ."

ಮುಗಿಯಿತು. ಎರಡನೆಯ "ಹೂಂ" ಶುದ್ಧ ಸುಳ್ಳು. ಮೊದಲಾಗಿದ್ದರೆ ನನ್ನ ಕಣ್ಣು ನೋಡಿಯೇ ಹಿಡಿದುಬಿಡುತ್ತಿದ್ದಳು. ಈಗ ಅವಳು ಮೆಂತ್ಯದ ಸೊಪ್ಪು ನೋಡುತ್ತಿರುತ್ತಾಳೆ, ನಾನು ಮೊಬೈಲ್ ನೋಡುತ್ತಿರುತ್ತೇನೆ. (ನಾವು ಮನೆಯಲ್ಲಿ ಆಡುವುದು ದಖ್ನಿ ಉರ್ದು. ನಿಮಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಮುಂದೆ ಬರುವ ಬೈಗುಳಗಳಲ್ಲಿ ಖಾರ ಸ್ವಲ್ಪ ಕಡಿಮೆ ಎನಿಸಿದರೆ ಅದು ಅನುವಾದಕನ ತಪ್ಪು, ಬೈದವರದ್ದಲ್ಲ.)

ನನ್ನ ಹೆಸರು ವಾಜಿದ್. ಶಿವಾಜಿನಗರದಲ್ಲಿ ಕಾರುಗಳಿಗೆ ವೈರಿಂಗ್ ಮಾಡುವ ಅಂಗಡಿ ಇದೆ, ನಮ್ಮಪ್ಪನ ಕಾಲದ್ದು. ಮನೆ ಫ್ರೇಜರ್ ಟೌನಿನಲ್ಲಿ. ಮಗಳು ಸಿದ್ರಾ ಮದುವೆಯಾಗಿ ಕೆ.ಆರ್.ಪುರ ಸೇರಿದ ಮೇಲೆ ಮನೆಯಲ್ಲಿ ನಾವಿಬ್ಬರೇ ಇದ್ದೆವು. "ಇದ್ದೆವು" ಎಂದೆ, ಗಮನಿಸಿ. ರಂಜಾನ್ ಮುಗಿಯುತ್ತಿದ್ದಂತೆ ನನ್ನ ಭಾವಮೈದುನ ಹಾಶಿಮ್, ಬಾಣಸವಾಡಿಯ ಹಳೆಯ ಮನೆಯನ್ನು ಕೆಡವಿ ಹೊಸದು ಕಟ್ಟಿಸುತ್ತೇನೆಂದು ಹೊರಟ. "ಮನೆ ಏಳೋ ತನಕ ಅಮ್ಮಿ ನಿಮ್ಮಲ್ಲಿರ್ಲಿ ಭಾಯ್" ಎಂದ. ಅಮ್ಮಿ ಎಂದರೆ ಜಹನಾರಾಳ ತಾಯಿ, ನನ್ನ ಅತ್ತೆ. ಎಂಬತ್ತರ ಹತ್ತಿರದ ವಯಸ್ಸು. ಕಣ್ಣಿನ ಪೊರೆ ತೆಗೆಸಿದ ಮೇಲೆ ನೋಟ ಮೊದಲಿಗಿಂತ ಹರಿತವಾಗಿದೆ. ನಾಲಿಗೆಗೆ ಎಂದೂ ಪೊರೆ ಬಂದದ್ದೇ ಇಲ್ಲ. ನಾನು ಉಣ್ಣುವಾಗ ಎಷ್ಟು ಉಂಡೆ ಎಂಬುದನ್ನೂ, ಉಣ್ಣದಿದ್ದರೆ ಯಾಕೆ ಉಣ್ಣಲಿಲ್ಲ ಎಂಬುದನ್ನೂ ಅವರು ತಮ್ಮ ಕೋಣೆಯ ಮಂಚದ ಮೇಲಿಂದಲೇ ಹೇಳಬಲ್ಲರು.

ಅಮ್ಮಿಯ ಟ್ರಂಕುಗಳ ಜೊತೆ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಒಂದು ಚಪ್ಪಟೆ ಗಂಟು ಬಂದಿತ್ತು. ಇಸ್ತ್ರಿ ಹಲಗೆ ಇರಬೇಕೆಂದು ಬಿಚ್ಚಿ ನೋಡಿದೆ. ಒಳಗಿದ್ದದ್ದು ಹಾಶಿಮನ ಕಂಪ್ಯೂಟರ್.

ಈಗಿನ ಕಂಪ್ಯೂಟರನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡಿ. ಇದು ಆ ಕಾಲದ ಮನೆ ಕಂಪ್ಯೂಟರ್. ಕೀಬೋರ್ಡೇ ಕಂಪ್ಯೂಟರ್, ಕಂಪ್ಯೂಟರೇ ಕೀಬೋರ್ಡ್. ಪ್ರತಿಯೊಂದು ಗುಂಡಿಯ ಮೇಲೂ ಇಂಗ್ಲಿಷ್ ಅಕ್ಷರದ ಪಕ್ಕ ಒಂದು ಅರಬ್ಬಿ ಅಕ್ಷರ. ಟಿ.ವಿ.ಗೆ ಸಿಕ್ಕಿಸಿದರೆ ಚಿತ್ರ ಬರುತ್ತದೆ. ತೊಂಬತ್ತನೆಯ ಇಸವಿಯಲ್ಲಿ ಕುವೈತಿನಲ್ಲಿ ಯುದ್ಧ ಶುರುವಾಗಿ ನಮ್ಮವರೆಲ್ಲ ಉಟ್ಟ ಬಟ್ಟೆಯಲ್ಲಿ ಊರಿಗೆ ಓಡಿ ಬಂದರಲ್ಲ, ಆಗ ಯಾರೋ ಬಂಗಾರ ತಂದರು, ಯಾರೋ ಬರಿಗೈಯಲ್ಲಿ ಬಂದರು. ಹಾಶಿಮ್ ಮಾತ್ರ ಇದನ್ನು ಎದೆಗವಚಿಕೊಂಡು ಬಂದ. ಅದನ್ನು ನೋಡಿ ಅವರಪ್ಪ ಎಷ್ಟೋ ದಿನ ಅವನೊಡನೆ ಮಾತೇ ಆಡಲಿಲ್ಲವಂತೆ.

ಅದೇ ಸಮಯದಲ್ಲಿ ನನಗೂ ಜಹನಾರಾಳಿಗೂ ಮಾತುಕತೆ ನಡೆಯುತ್ತಿತ್ತು. ಮಾತುಕತೆ ಹಿರಿಯರದ್ದು, ನಮ್ಮದಲ್ಲ. ಆಗ ನಮ್ಮ ಕಡೆ ಹುಡುಗನಿಗೆ ಹುಡುಗಿಯ ಫೋಟೋ ಮಾತ್ರ ತೋರಿಸುತ್ತಿದ್ದರು. ಅದೂ ಅಮ್ಮ, ಅಕ್ಕ, ಚಿಕ್ಕಮ್ಮಂದಿರ ಕೈಯೆಲ್ಲ ಸುತ್ತಿ ನನ್ನ ಬಳಿಗೆ ಬರುವ ಹೊತ್ತಿಗೆ ಮೂಲೆ ಮಡಚಿಹೋಗಿತ್ತು. ನನಗೆ ಇಪ್ಪತ್ನಾಲ್ಕು ವಯಸ್ಸು. ಫೋಟೋ ನೋಡಿ ಸುಮ್ಮನಿರುವ ವಯಸ್ಸೇ? "ಕಂಪ್ಯೂಟರಿಗೆ ಸ್ಟೆಬಿಲೈಸರ್ ಹಾಕಿಕೊಡುತ್ತೇನೆ" ಎಂಬ ನೆಪದಲ್ಲಿ ಒಂದು ಭಾನುವಾರ ಬಾಣಸವಾಡಿಗೆ ಹೋದೆ. ಸ್ಟೆಬಿಲೈಸರ್ ಹಾಕುವುದು ಅರ್ಧ ಗಂಟೆಯ ಕೆಲಸ. ನಾನು ಅದನ್ನು ಬಹಳ ಭಾನುವಾರಗಳಿಗೆ ಎಳೆದೆ.

ಆ ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಒಂದು ಆಟವಿತ್ತು. ಟಿ.ವಿ.ಯ ಮೇಲೆ ಎರಡು ಬಾಣಗಳು ಓಡಾಡುತ್ತವೆ, ಒಂದು ಬಿಳಿ, ಒಂದು ಹಸಿರು. ಬಿಳಿಯದನ್ನು ಮೌಸು ನಡೆಸುತ್ತದೆ. ಹಸಿರನ್ನು ನಡೆಸುವುದು ಟ್ರ್ಯಾಕ್‌ಬಾಲ್, ಅಂದರೆ ಒಂದು ಡಬ್ಬಿಯ ನೆತ್ತಿಯಲ್ಲಿ ಕೂತ ನಿಂಬೆಗಾತ್ರದ ಚೆಂಡು. ಬೆರಳಿನಿಂದ ಚೆಂಡು ಹೊರಳಿಸಿದರೆ ಬಾಣ ಹೊರಳುತ್ತದೆ. ಎರಡನೆಯ ಭಾನುವಾರವೋ ಮೂರನೆಯದೋ, ಹಾಶಿಮ್ ಗಂಟಲು ಸರಿಮಾಡಿಕೊಂಡು, "ತಂಗಿಗೂ ಆಡ್ಬೇಕಂತೆ ಭಾಯ್. ಈಚೆ ಬರೋ ಹಾಗಿಲ್ಲ. ವೈರು ಉದ್ದ ಇದೆ" ಎಂದ. ಟ್ರ್ಯಾಕ್‌ಬಾಲನ್ನು ಎತ್ತಿ ಪಕ್ಕದ ಕೋಣೆಯ ಬಾಗಿಲಿನ ಪರದೆಯ ಕೆಳಗೆ ತಳ್ಳಿದ. ಡಬ್ಬಿ ಒಳಗೆ ಹೋಯಿತು. ವೈರು ಮಾತ್ರ ಪರದೆಯ ಅಂಚಿನಡಿ ಉಳಿಯಿತು.

ನಾನು ಮೌಸು ಹಿಡಿದು ನೆಲದ ಮೇಲೆ ಕೂತಿದ್ದೆ. ಹಸಿರು ಬಾಣ ಮೊದಲು ನಡುಗಿತು. ಆಮೇಲೆ ನಿಧಾನವಾಗಿ, ಬಹಳ ನಿಧಾನವಾಗಿ, ನನ್ನ ಬಿಳಿ ಬಾಣದ ಕಡೆ ಬಂತು. ಹತ್ತಿರ ಬಂದು ಒಂದು ಸಣ್ಣ ಸುತ್ತು ಹಾಕಿ, ಚೂರು ದೂರದಲ್ಲಿ ನಿಂತುಕೊಂಡಿತು. ಮನ್ಮಥನ ಬಳಿ ಐದು ಬಾಣಗಳಿವೆಯಂತೆ. ನನಗೆ ಒಂದೇ ಸಾಕಾಯಿತು, ಅದೂ ಹಸಿರು. ಅವಳ ಮುಖ ಎದುರಿಗೆ ನೋಡಿರಲಿಲ್ಲ, ದನಿ ಕೇಳಿರಲಿಲ್ಲ. ಆದರೆ ಆ ಬಾಣದ ನಡಿಗೆಯಲ್ಲೇ ಎಲ್ಲವೂ ಇತ್ತು: ನಾಚಿಕೆ, ಗಾಂಭೀರ್ಯ, ತುಸು ತುಂಟತನ. ಒಂದು ಭಾನುವಾರ ಧೈರ್ಯ ಮಾಡಿ ಗುಲಾಬಿ ಬರೆದೆ. ಹಸಿರು ಬಾಣ ಬಂದು ಗುಲಾಬಿಯ ಸುತ್ತ ತಿರುಗಿ ತಿರುಗಿ ನೋಡಿತು. ಆ ರಾತ್ರಿ ನಾನು ಊಟ ಮಾಡಲಿಲ್ಲ.

ಆಮೇಲೆ ಮದುವೆಯಾಯಿತು. ಮೌಸು, ಟ್ರ್ಯಾಕ್‌ಬಾಲು ಎಲ್ಲೋ ಕಳೆದುಹೋದವು. ಪರದೆ ಸರಿಯಿತು, ಹುಡುಗಿ ಈಚೆ ಬಂದಳು, ಬದುಕು ನಡೆಯಿತು. ಈಗ ಮೂವತ್ತೈದು ವರ್ಷದ ಮೇಲೆ ಆ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ನನಗೆ ಅಳು ಬರುವುದೊಂದು ಬಾಕಿ. ಜಹನಾರಾ ಹತ್ತು ಹೆಜ್ಜೆ ಆಚೆ ಅಡುಗೆಮನೆಯಲ್ಲೇ ಇದ್ದಾಳೆ. ಆದರೂ ಅವಳಿಗಾಗಿ ಹಂಬಲಿಸಿದೆ. ಮನೆಯಲ್ಲೇ ಇರುವ ಹೆಂಡತಿಗಾಗಿ ಹಂಬಲಿಸುವವನನ್ನು ಏನೆನ್ನಬೇಕೋ ನನಗೆ ತಿಳಿಯದು. ಆ ಬಾಣ ಇನ್ನೊಂದೇ ಸಲ ನನ್ನ ಹತ್ತಿರ ಬಂದು ನಿಂತರೆ ಸಾಕು, ಅವಳ ಮನಸ್ಸಿನಲ್ಲಿ ನಾನಿನ್ನೂ ಇದ್ದೇನೆ ಎಂದು ನಂಬುತ್ತೇನೆ ಅಂದುಕೊಂಡೆ. ಹೀಗೆ ಶುರುವಾಯಿತು ನನ್ನ ಮಹಾಕಾರ್ಯ.

ಮೊದಲು ಹಾಶಿಮನಿಗೆ ಫೋನ್ ಮಾಡಿದೆ.

"ಯಾಕ್ ಭಾಯ್ ಅದೆಲ್ಲ" ಎಂದ. ದನಿಯಲ್ಲಿ ಏನೋ ಅಳುಕು. "ಹಳೇ ಸಾಮಾನು, ಗುಜರಿಗೆ ಹಾಕ್ಬಿಡಿ."

"ಹಾಶಿಮ್, ಅದು ನಮ್ಮ ಪ್ರೇಮದ ಸಾಕ್ಷಿ ಕಣೋ."

"ನಾನು ಸೈಟಲ್ಲಿದೀನಿ, ಸಿಮೆಂಟ್ ಬಂತು" ಎಂದು ಫೋನ್ ಇಟ್ಟ.

ಗುಜರಿ ಎಂದನಲ್ಲ, ಗುಜರಿಗೇ ಹೋದೆ, ಹಾಕಲು ಅಲ್ಲ, ತರಲು. ನನ್ನ ಅಂಗಡಿಯಿಂದ ಕೂಗಳತೆಯಲ್ಲಿದೆ ಹಳೆ ಸಾಮಾನಿನ ಆ ಬೀದಿ. ಅಲ್ಲಿ ಒಂದು ಚೀಲದ ತುಂಬ ಹಳೆಯ ಮೌಸುಗಳು, ಬಾಲಗಳೆಲ್ಲ ಒಂದಕ್ಕೊಂದು ಗಂಟು ಬಿದ್ದುಕೊಂಡು ಮಲಗಿದ್ದವು. ನಮ್ಮ ಕಂಪ್ಯೂಟರಿನ ಪಕ್ಕೆಯಲ್ಲಿ ಒಂಬತ್ತು ಕಡ್ಡಿಗಳ ಎರಡು ಕಿಂಡಿಗಳಿವೆ. ಅದಕ್ಕೆ ನವರಂಧ್ರಗಳಿರುವ ಪ್ಲಗ್ಗೇ ಬೇಕು. ಹುಡುಕಿ ಹುಡುಕಿ ನವರಂಧ್ರದ ಒಂದು ಮೌಸು ಹೆಕ್ಕಿದೆ. ಮನೆಗೆ ತಂದು ಸಿಕ್ಕಿಸಿದರೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಬಾಣ ಮಾತ್ರ ಅಲುಗಲಿಲ್ಲ. ಮೌಸನ್ನು ಟೇಬಲ್ ಮೇಲೆ ಉಜ್ಜಿದೆ, ಗೋಡೆಯ ಮೇಲೆ ಉಜ್ಜಿದೆ, ಕೊನೆಗೆ ನನ್ನ ತೊಡೆಯ ಮೇಲೂ ಉಜ್ಜಿದೆ.

ಆಮೇಲೆ ತಿಳಿದದ್ದು: ಆ ಮೌಸು ಆಫೀಸು ಕಂಪ್ಯೂಟರುಗಳದ್ದು. ಅದು ಹೇಳಬೇಕಾದ್ದನ್ನೆಲ್ಲ ಒಂದೇ ತಂತಿಯಲ್ಲಿ ಸಾಲಾಗಿ ಹೇಳುತ್ತದೆ. ಮನೆ ಕಂಪ್ಯೂಟರಿಗೆ ಅದೇ ಮಾತು ಬೇರೆ ಬೇರೆ ತಂತಿಗಳಲ್ಲಿ ಒಟ್ಟಿಗೇ ಬರಬೇಕು. ಪ್ಲಗ್ ಕೂತ ಮಾತ್ರಕ್ಕೆ ಮಾತು ಕೂಡಿಬರುವುದಿಲ್ಲ. (ಸಂಬಂಧ ಕುದುರಿಸುವ ಹಿರಿಯರು ಇದನ್ನು ಗಮನಿಸಬೇಕು.)

"ಸತ್ತಿರೋ ಮೌಸ್ ಇಟ್ಕೊಂಡು ಎಷ್ಟು ಹೊತ್ತು ಉಜ್ತೀರಿ?" ಜಹನಾರಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು. "ಅಷ್ಟು ಉಜ್ಜೋ ಆಸೆ ಇದ್ರೆ ಇಲ್ಲಿ ತಳ ಹಿಡಿದಿರೋ ಪಾತ್ರೆ ಇದೆ."

"ನಿನಗೆ ಇದರ ಬೆಲೆ ಗೊತ್ತಿಲ್ಲ."

"ಎಷ್ಟು ಕೊಟ್ರಿ?"

"ನಾನು ಆ ಬೆಲೆ ಹೇಳಲಿಲ್ಲ."

"ನಾನು ಆ ಬೆಲೇನೇ ಕೇಳಿದ್ದು."

ನೋಡಿ, ಎಷ್ಟು ದಿನದ ಮೇಲೆ ನಮ್ಮಲ್ಲಿ ಜಗಳವಾಯಿತು. ನನಗೆ ಒಳಗೊಳಗೇ ಖುಷಿಯಾಯಿತು.

ಯಾಕೆ ಇದೆಲ್ಲ ಮಾಡುತ್ತಿದ್ದೇನೆಂದು ಅವಳಿಗೆ ಹೇಳಿರಲಿಲ್ಲ. ಎಲ್ಲ ಸಿದ್ಧವಾದ ಮೇಲೆ ಒಮ್ಮೆಗೇ ಚೆಂಡನ್ನು ಕೈಗಿಡಬೇಕು, ಅವಳ ಕಣ್ಣು ತುಂಬಬೇಕು, ಇದು ನನ್ನ ಯೋಜನೆ. ಹಲಸೂರಿನಲ್ಲಿ ಒಂದು ಮುದ್ರಣಾಲಯ ಬಾಗಿಲು ಮುಚ್ಚುತ್ತಿತ್ತು. ಅಲ್ಲಿ ಒಂದು ಟ್ರ್ಯಾಕ್‌ಬಾಲ್ ಸಿಕ್ಕಿತು. ಕೆಂಪು ಚೆಂಡು, ಪಳಪಳ ಹೊಳೆಯುತ್ತಿತ್ತು. ಅದರ ಪ್ಲಗ್ ಬೇರೆ ಜಾತಿಯದ್ದು. ಇರಲಿ, ಜೀವಮಾನವಿಡೀ ವೈರು ಜೋಡಿಸಿದವನಿಗೆ ಅದೊಂದು ಸಮಸ್ಯೆಯೇ? ಪ್ಲಗ್ ಕತ್ತರಿಸಿದೆ, ಬಣ್ಣಬಣ್ಣದ ತಂತಿಗಳನ್ನು ಬಿಡಿಸಿದೆ, ಕಣ್ಣು ಮುಚ್ಚಿಕೊಂಡು ಜೋಡಿಸಿದೆ. ಕಪ್ಪು ಎಂದರೆ ಅರ್ತು, ಗಾಡಿಯ ಬಾಡಿಗೆ ಹೋಗುವ ತಂತಿ; ಕೆಂಪು ಎಂದರೆ ಬ್ಯಾಟರಿಯ ಕರೆಂಟು. ಅಂಬಾಸಿಡರ್ ಕಾಲದಿಂದ ನಮ್ಮ ಬೀದಿಯಲ್ಲಿ ನಡೆದುಬಂದ ಕಾನೂನು ಇದು. ನಮ್ಮ ಅಂಗಡಿಯಲ್ಲಿ ಮಗು ಬಂದು ಕೇಳಿದರೂ ಇದನ್ನೇ ಹೇಳುತ್ತೇವೆ.

ಆದರೆ ಟ್ರ್ಯಾಕ್‌ಬಾಲ್ ಮಾಡಿದವರು ಶಿವಾಜಿನಗರಕ್ಕೆ ಬಂದು ಕೇಳಿರಲಿಲ್ಲ. ಅವರ ಕಪ್ಪು ಅರ್ತಲ್ಲ. ಸ್ವಿಚ್ ಹಾಕಿದೆ. ಚಿತ್ರ ಒಂದು ಸಲ ಕಣ್ಣು ಮಿಟುಕಿಸಿ ಹೋಯಿತು. ಮನೆ ತುಂಬ ಸುಟ್ಟ ವಾಸನೆ.

"ಏನದು ವಾಸ್ನೆ?" ಜಹನಾರಾ ಓಡಿ ಬಂದಳು. "ನನ್ನ ಪಲ್ಯ ಸೀದಿಲ್ಲ, ನೋಡ್ಕೊಂಡೇ ಬಂದೆ."

"ಬಣ್ಣ ತಪ್ಪಾಯ್ತು."

"ಅಮ್ಮಿ, ಇವ್ರು ಕಂಪ್ಯೂಟರಿಗೆ ಕಾರಿನ ವೈರಿಂಗ್ ಮಾಡಿದಾರೆ. ಇನ್ನು ಹಾರ್ನ್ ಒಂದು ಇಡೋದು ಬಾಕಿ."

ಅಮ್ಮಿ ಜಪಮಣಿ ಎಣಿಸುತ್ತ ಕೋಣೆಯಿಂದ ಬಂದು, ನನ್ನ ಪಕ್ಕ ಕುರ್ಚಿ ಎಳೆದು ಕೂತರು. ಬೈಯುತ್ತಾರೆ ಎಂದು ತಲೆ ತಗ್ಗಿಸಿದೆ. ಅವರು ಕೆಂಪು ಚೆಂಡನ್ನು ಎತ್ತಿ ಅಂಗೈಯಲ್ಲಿ ತೂಗಿ ನೋಡಿದರು. "ಇದು ಹಗುರ ಆಯ್ತು, ವಾಜಿದ್ ಮಿಯಾ. ಮೊದಲಿಂದು ಭಾರ ಇತ್ತು" ಎಂದರು.

"ನಿಮಗೆ ಹೇಗೆ ಗೊತ್ತು ಅಮ್ಮಿ?"

"ಮನೇಲಿದ್ದ ಸಾಮಾನು, ಧೂಳು ಹೊಡೀತಿರ್ಲಿಲ್ವಾ?" ಎಂದರು. ಚೆಂಡನ್ನು ನನ್ನ ಕೈಗೆ ಕೊಟ್ಟು, "ಕೆಳಗಡೆ ಸಣ್ಣ ಉರುಳೆ ಇರುತ್ತಲ್ಲ, ಅದಕ್ಕೆ ನೂಲು ಸುತ್ಕೊಂಡ್ರೆ ಬಾಣ ಅಡ್ಡಡ್ಡ ಹೋಗುತ್ತೆ. ಮೊದ್ಲು ಅದನ್ನ ತೆಗೀರಿ" ಎಂದು ಜಪಮಣಿಗೆ ಮರಳಿದರು. ಧೂಳು ಹೊಡೆಯುವವರಿಗೆ ಇಷ್ಟೆಲ್ಲ ಗೊತ್ತಿರುತ್ತದೆಯೇ ಎಂದು ಬುದ್ಧಿ ಇದ್ದ ಯಾರಿಗಾದರೂ ಅನ್ನಿಸಬೇಕಿತ್ತು. ನಾನು ಉರುಳೆಯಿಂದ ನೂಲು ತೆಗೆಯುತ್ತಿದ್ದೆ.

ಅದೃಷ್ಟಕ್ಕೆ ಸುಟ್ಟದ್ದು ಫ್ಯೂಸ್ ಮಾತ್ರ. ಹೊಸ ತಿಪ್ಪಸಂದ್ರದಲ್ಲಿ ಅಂಜನಮೂರ್ತಿ ಎಂಬೊಬ್ಬರು ಇದ್ದಾರೆ, ವಿಮಾನದ ಕಾರ್ಖಾನೆಯಿಂದ ನಿವೃತ್ತರಾದವರು, ಹಳೆಯ ಕಂಪ್ಯೂಟರುಗಳ ಹುಚ್ಚಿನವರು ಎಂದು ಯಾರೋ ಹೇಳಿದರು. ಯಾವ ಮೌಸಾದರೂ ಸರಿ, ಯಾವ ಟ್ರ್ಯಾಕ್‌ಬಾಲಾದರೂ ಸರಿ, ಅದರ ಮಾತನ್ನು ಕೇಳಿಸಿಕೊಂಡು ಹಳೆಯ ಕಂಪ್ಯೂಟರಿಗೆ ತಿಳಿಯುವಂತೆ ಹೇಳುವ ಬೆರಳುದ್ದದ ಅಡಾಪ್ಟರ್ ಅವರು ಮಾಡುತ್ತಾರೆ. ಒಂದು ಬಗೆಯ ದುಭಾಷಿ. ಮಾರ್ಕೆಟ್ ರಸ್ತೆಯ ಗಲಾಟೆ ದಾಟಿ ಅವರ ಮನೆ ಹುಡುಕಿಕೊಂಡು ಹೋದೆ.

"ಯಾವ ಗೇಮ್ ಆಡ್ಬೇಕು ಸರ್ ನಿಮಗೆ?" ಎಂದು ಕೇಳಿದರು.

"ಗೇಮಿಗಲ್ಲ ಸಾರ್, ಹೆಂಡತಿಗೆ. ಮೊದಲಿನ ಹಾಗೆ ಮಾತಾಡಿಸ್ಬೇಕು."

ಅವರು ಕನ್ನಡಕ ತೆಗೆದು ಒರೆಸಿದರು. "ಅದಕ್ಕೆ ಅಡಾಪ್ಟರ್ ಇನ್ನೂ ಯಾರೂ ಮಾಡಿಲ್ಲ ಸರ್" ಎಂದರು. "ಮೌಸಿಗೊಂದು, ಟ್ರ್ಯಾಕ್‌ಬಾಲಿಗೊಂದು ಕೊಡ್ತೀನಿ. ಮಿಕ್ಕಿದ್ದು ನೀವು ನೋಡ್ಕೊಳ್ಳಿ."

ಆ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಮ್ಮಿ ತಮ್ಮ ಕೋಣೆಯಲ್ಲಿ ಮಲಗಿದರು. ನಾನು ಹಾಲಿನಲ್ಲಿ ಟಿ.ವಿ.ಗೆ ಕಂಪ್ಯೂಟರ್ ಸಿಕ್ಕಿಸಿದೆ. ದುಭಾಷಿಗಳಿಬ್ಬರನ್ನೂ ಕಿಂಡಿಗಳಲ್ಲಿ ಕೂರಿಸಿದೆ. ಮೌಸು ಹೊರಳಿಸಿದೆ, ಬಿಳಿ ಬಾಣ ಓಡಿತು. ಚೆಂಡು ಹೊರಳಿಸಿದೆ, ಹಸಿರು ಬಾಣ ಓಡಿತು. ಅಮ್ಮಿಯ ಕೋಣೆಯ ಬಾಗಿಲಿಗೆ ಒಂದು ತೆಳು ಪರದೆ ಕಟ್ಟಿದೆ, ಬಾಣಸವಾಡಿಯಲ್ಲಿದ್ದ ಹಾಗೇ, ನಾನು ಕೂರುವ ಜಾಗದ ಬಲಗಡೆಗೆ ಬರುವಂತೆ. ಜಹನಾರಾಳನ್ನು ಕರೆದೆ. ಕೈ ಒರೆಸಿಕೊಳ್ಳುತ್ತ ಬಂದವಳು ಪರದೆ ನೋಡಿದಳು, ಕೆಂಪು ಚೆಂಡು ನೋಡಿದಳು. ಅವಳ ಮುಖದಲ್ಲಿ ಏನೋ ಹಾದುಹೋಯಿತು. ನಾನು ಅದನ್ನು ಪ್ರೇಮ ಎಂದು ತಿಳಿದೆ.

"ಇದಕ್ಕಾ ಇಷ್ಟು ದಿನ?" ಎಂದಳು ಮೆಲ್ಲಗೆ.

"ಇದಕ್ಕೇ. ಹೋಗಿ ಆಚೆ ಕೂತ್ಕೋ. ಅಮ್ಮಿ ಮಲಗಿದಾರೆ, ಸದ್ದು ಮಾಡ್ಬೇಡ."

"ರೀ, ಒಂದು ಮಾತು ಹೇಳ್ಲಾ..."

"ಮಾತು ಬೇಡ. ಬಾಣ ಹೇಳ್ಲಿ."

ಅವಳು ಪರದೆಯ ಆಚೆ ಹೋಗಿ ಕೂತಳು. ಡಬ್ಬಿಯನ್ನು ಕೆಳಗಿನಿಂದ ತಳ್ಳಿದೆ. ಮೌಸು ಹಿಡಿದು ಕಾದೆ.

ಹಸಿರು ಬಾಣ ಒಂದೇ ನೆಗೆತಕ್ಕೆ ಟಿ.ವಿ.ಯ ನೆತ್ತಿಗೆ ಹೋಗಿ ಬಡಿಯಿತು. ಅಲ್ಲಿಂದ ಕೆಳಗೆ ಬಿತ್ತು. ಎಡಕ್ಕೆ ಓಡಿತು, ಬಲಕ್ಕೆ ಓಡಿತು, ಮೂಲೆಗೆ ಹೋಗಿ ಒದ್ದಾಡಿತು.

"ಇದನ್ನ ತಿರುಗಿಸೋದಾ, ಒತ್ತೋದಾ?" ಪರದೆಯ ಆಚೆಯಿಂದ ದನಿ ಬಂತು.

ಅಡಾಪ್ಟರ್ ಕೆಟ್ಟಿರಬೇಕು ಎಂದುಕೊಂಡೆ. ಬಿಚ್ಚಿ ಮತ್ತೆ ಹಾಕಿದೆ. ಉರುಳೆ ಒರೆಸಿದೆ. ನಾನೇ ಹೊರಳಿಸಿದರೆ ಸರಿಯಾಗಿಯೇ ಇತ್ತು. ಮತ್ತೆ ಅವಳ ಕೈಗೆ ಕೊಟ್ಟರೆ ಬಾಣಕ್ಕೆ ದೆವ್ವ ಹಿಡಿಯುತ್ತಿತ್ತು. ಕೊನೆಗೆ ಒಪ್ಪಿಕೊಳ್ಳಬೇಕಾಯಿತು, ಕೆಟ್ಟದ್ದು ವೈರಲ್ಲ. ಅವಳು ಮರೆತುಬಿಟ್ಟಿದ್ದಳು. ನಾನು ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡು ಬಂದದ್ದು ಅವಳ ಬೆರಳಿನಲ್ಲಿ ಒಂದು ಚೂರೂ ಉಳಿದಿರಲಿಲ್ಲ. ನಿಜ ಹೇಳುತ್ತೇನೆ, ನನಗೆ ಬಹಳ ನೋವಾಯಿತು. "ಬಿಡು, ಹೋಗಲಿ" ಎಂದು ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ. ಎಷ್ಟು ತೊಳೆದರೂ ಸಾಲದೆನಿಸಿ ಇನ್ನೂ ಸ್ವಲ್ಪ ಹೊತ್ತು ನಲ್ಲಿಯ ಮುಂದೆ ನಿಂತೆ.

ಎಲ್ಲ ಬಿಚ್ಚಿ ಗಂಟು ಕಟ್ಟೋಣವೆಂದು ಹಾಲಿಗೆ ಬಂದೆ. ಟಿ.ವಿ. ಇನ್ನೂ ಉರಿಯುತ್ತಿತ್ತು. ಹಸಿರು ಬಾಣ ನಡುಗುತ್ತಿತ್ತು.

ಅದು ಮೂಲೆಯಿಂದ ಹೊರಟಿತು. ನಿಧಾನವಾಗಿ, ಬಹಳ ನಿಧಾನವಾಗಿ, ನನ್ನ ಬಿಳಿ ಬಾಣದ ಕಡೆ ಬಂತು. ಹತ್ತಿರ ಬಂದು ಒಂದು ಸಣ್ಣ ಸುತ್ತು ಹಾಕಿ, ಚೂರು ದೂರದಲ್ಲಿ ನಿಂತಿತು.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅದೇ ನಡಿಗೆ. ಅದೇ ನಾಚಿಕೆ, ಅದೇ ಗಾಂಭೀರ್ಯ. ಮೌಸು ಹಿಡಿದು ಬಿಳಿ ಬಾಣವನ್ನು ಚೂರು ಸರಿಸಿದೆ. ಹಸಿರು ಹಿಂದೆಯೇ ಬಂತು. ನನಗೆ ತಡೆಯಲಾಗಲಿಲ್ಲ.

"ಮರೆತೇಬಿಟ್ಟಿದೀಯ ಅಂದ್ಕೊಂಡಿದ್ದೆ ಕಣೇ" ಎಂದೆ ಪರದೆಗೆ. "ಇವತ್ತಿಗೂ ಈ ಬಾಣ ನೋಡಿದ್ರೆ ನನ್ನ ಎದೆ ಹೊಡ್ಕೊಳುತ್ತೆ. ನಾನು ಮದುವೆ ಆಗಿದ್ದೇ ಇದನ್ನ ನೋಡಿ. ನಿಮ್ಮಮ್ಮ ಎದ್ದುಬಿಡೋ ಮೊದಲು ಒಂದ್ಸಲ ಕೈ ಕೊಡು."

ಪರದೆಯ ಕೆಳಗೆ ಕೈ ಚಾಚಿದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ಕೈ ಬಂದು ನನ್ನ ಕೈ ಹಿಡಿಯಿತು. ಒಣಗಿದ ಕೈ, ಮೂಳೆಯೇ ಹೆಚ್ಚು. ಈ ಮನೆಗಾಗಿ ದುಡಿದು ದುಡಿದು ಹೇಗಾಗಿಹೋಗಿದೆ ಇವಳ ಕೈ ಎಂದು ಕರುಳು ಚುರ್ರೆಂದಿತು. ಬಿಗಿಯಾಗಿ ಹಿಡಿದುಕೊಂಡೆ.

"ಯಾರ ಹತ್ರ ಮಾತಾಡ್ತಿದೀರಿ?"

ದನಿ ಪರದೆಯ ಆಚೆಯಿಂದ ಬಂದದ್ದಲ್ಲ. ನನ್ನ ಬೆನ್ನ ಹಿಂದಿನಿಂದ, ಅಡುಗೆಮನೆಯ ಕಡೆಯಿಂದ ಬಂದದ್ದು. ತಿರುಗಿ ನೋಡಿದೆ. ಜಹನಾರಾ ಎರಡು ಕೈಯಲ್ಲೂ ಚಹಾದ ಲೋಟ ಹಿಡಿದು ನಿಂತಿದ್ದಳು. ಅವಳ ಕೈಗಳನ್ನು ಎಣಿಸಿದೆ. ಎರಡೂ ಅಲ್ಲೇ ಇದ್ದವು. ಹಾಗಾದರೆ ನಾನು ಹಿಡಿದುಕೊಂಡಿರುವುದು?

"ಕೈ ಬಿಡಿ ವಾಜಿದ್ ಮಿಯಾ" ಎಂದರು ಅಮ್ಮಿ ಪರದೆಯ ಆಚೆಯಿಂದ. "ಮಂಡಿ ನೋವಿಗೆ ಏಳೋಕಾಗ್ತಿಲ್ವೇನೋ ಅಂತ ಹಿಡ್ಕೊಂಡೆ. ನಿಮ್ಮನ್ನ ಎಳೆಯೋಷ್ಟು ಬಲ ನನಗಿಲ್ಲ."

ಜಹನಾರಾ ಲೋಟಗಳನ್ನು ಇಟ್ಟು ಪರದೆ ಸರಿಸಿದಳು. ಅಮ್ಮಿ ನೆಲದ ಮೇಲೆ ದಿಂಬಿಗೆ ಒರಗಿ, ಮಡಿಲಲ್ಲಿ ಡಬ್ಬಿಯಿಟ್ಟುಕೊಂಡು, ಹೆಬ್ಬೆರಳಿನಿಂದ ಚೆಂಡು ಹೊರಳಿಸುತ್ತಿದ್ದರು. ಟಿ.ವಿ.ಯಲ್ಲಿ ಹಸಿರು ಬಾಣ ಸಣ್ಣ ಸುತ್ತು ಹಾಕಿತು.

"ಅಮ್ಮಿ," ಎಂದೆ, "ಇದನ್ನ ನೀವು ಎಲ್ಲಿ ಕಲಿತ್ರಿ?"

"ನಿಮ್ಮ ಜೊತೇನೇ ಅಲ್ವಾ, ಬಾಣಸವಾಡೀಲಿ. ಎಷ್ಟು ಭಾನುವಾರ ಬಂದ್ರಿ ನೀವು, ಸ್ಟೆಬಿಲೈಸರ್ ಅಂತ."

ನಾನು ಗೋಡೆ ಹಿಡಿದುಕೊಂಡೆ. ಅಮ್ಮಿಗೆ ನನ್ನ ಸ್ಥಿತಿ ಗೋಚರಿಸಿದಂತೆ ಕಾಣಲಿಲ್ಲ. ಹಳೆಯದು ನೆನಪಾದ ಖುಷಿಯಲ್ಲಿ ಹೇಳುತ್ತಲೇ ಹೋದರು. "ಮಗಳನ್ನ ಕೊಡೋ ಮೊದಲು ಹುಡುಗ ಹೇಗೆ ಅಂತ ನೋಡ್ಬೇಡ್ವಾ? ಎದುರಿಗೆ ಎಲ್ರೂ ತಲೆ ತಗ್ಗಿಸಿ ಸಲಾಂ ಮಾಡ್ತಾರೆ. ಹುಡುಗಿ ಇದಾಳೆ, ದೊಡ್ಡೋರಿಲ್ಲ ಅಂದಾಗ ಏನ್ ಮಾಡ್ತಾರೆ ಅದನ್ನ ನೋಡ್ಬೇಕು. ಹಾಶಿಮ್‌ಗೆ ಹೇಳಿ ನಾನೇ ಚೆಂಡು ಒಳಗೆ ತರಿಸ್ಕೊಂಡೆ. ದುಬೈ ಸಂಬಂಧ ಒಂದಿತ್ತು, ಮಂಜೂರ್ ಅಂತ. ಅವನೂ ಬಂದು ಆಡಿದ. ಬಂದವನೇ ನನ್ನ ಬಾಣದ ಸುತ್ತ ಒಂದು ಚೌಕ ಎಳೆದು ಮುಚ್ಚಿಬಿಟ್ಟ, ನಗಾಡಿದ. ನನ್ನ ಮಗಳನ್ನೂ ಹೀಗೇ ಇಡ್ತಾನೆ ಅಂತ ಗೊತ್ತಾಯ್ತು. ನೀವು ಹಾಗಲ್ಲ. ನಾನು ಮೂಲೇಲಿ ಸಿಕ್ಕಾಕೊಂಡಾಗೆಲ್ಲ ಬಂದು ಪಕ್ಕದಲ್ಲಿ ಸುಮ್ನೆ ನಿಂತ್ಕೋತಿದ್ರಿ. ಅವತ್ತೇ ಇವಳಪ್ಪನಿಗೆ ಹೇಳಿದೆ, ಇವನಿಗೇ ಕೊಡಿ ಅಂತ."

(ಮೂಲೆಯಲ್ಲಿ ಪಕ್ಕಕ್ಕೆ ಹೋಗಿ ನಿಂತದ್ದು ನಿಜ. ಬೇರೇನು ಮಾಡಬೇಕೆಂದು ತೋಚಿರಲಿಲ್ಲ. ಇದನ್ನು ದಯವಿಟ್ಟು ಅಮ್ಮಿಗೆ ಹೇಳಬೇಡಿ.)

"ಮತ್ತೆ ಆ ಗುಲಾಬಿ?" ಎಂದೆ.

"ಯಾವ ಗುಲಾಬಿ?"

"ನಾನು ಬರೆದಿದ್ನಲ್ಲ. ಸುತ್ತ ತಿರುಗಿ ತಿರುಗಿ ನೋಡಿದ್ರಿ."

ಅಮ್ಮಿ ಬೆರಳು ನಿಲ್ಲಿಸಿದರು. "ಅದು ಹೂಕೋಸಲ್ವಾ?" ಎಂದರು. "ಏನಿರಬಹುದು ಅಂತ ಸುತ್ತ ಸುತ್ತ ನೋಡಿ, ಹೂಕೋಸು ಅಂತ ತಿಳ್ಕೊಂಡೆ. ಪಾಪ, ಹುಡುಗನಿಗೆ ಇಷ್ಟ, ಬಾಯಿಬಿಟ್ಟು ಕೇಳೋಕೆ ಸಂಕೋಚ ಅಂತ."

ಈಗ ನಿಮಗೊಂದು ವಿಷಯ ಹೇಳಬೇಕು. ನಿಶ್ಚಿತಾರ್ಥದ ದಿನದಿಂದ ಇವತ್ತಿನವರೆಗೆ, ನಾನು ಅತ್ತೆಯ ಮನೆಯಲ್ಲಿ ಕೂತ ಒಂದೊಂದು ಊಟದಲ್ಲೂ ಹೂಕೋಸು ಇತ್ತು. ಹಬ್ಬಕ್ಕೆ ಎಲ್ಲರ ತಟ್ಟೆಗೂ ಮಟನ್ ಬಿದ್ದರೆ ನನ್ನ ತಟ್ಟೆಗೆ ಮೊದಲು ಹೂಕೋಸಿನ ಸಾಲನ್ ಬೀಳುತ್ತಿತ್ತು. ನನಗೆ ಹೂಕೋಸು ಕಂಡರಾಗದು. ಅತ್ತೆಗೆ ಬೇಜಾರಾಗಬಾರದೆಂದು ಮೂವತ್ತೈದು ವರ್ಷ ಕಣ್ಣು ಮುಚ್ಚಿ ನುಂಗಿದ್ದೇನೆ.

ಜಹನಾರಾ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಅವಳ ಕಡೆ ತಿರುಗಿದೆ. "ನಿನಗೆ ಎಲ್ಲ ಗೊತ್ತಿತ್ತು."

"ಗೊತ್ತಿಲ್ದೆ ಏನು? ಅಮ್ಮಿ ಪಕ್ಕದಲ್ಲೇ ಕೂತಿರ್ತಿದ್ನಲ್ಲ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಮದುವೆ ಆದ ದಿನಾನೇ ಹೇಳೋಣ ಅಂತಿದ್ದೆ. ನೀವು ಬಾಣ, ಬಾಣ ಅಂತ ಅಷ್ಟು ಖುಷಿಯಾಗಿದ್ರಿ. ಹಾಳು ಮಾಡೋದು ಯಾಕೆ ಅಂತ ಸುಮ್ನಾದೆ. ಇವತ್ತೂ ಹೇಳೋಕೆ ಬಂದೆ, ಮಾತು ಬೇಡ ಅಂದ್ರಿ."

ನಗು ಬರಬೇಕಾದ ಜಾಗ ಅದು, ನನಗೆ ಬರಲಿಲ್ಲ. ಆ ಬಾಣದ ನೆನಪಿನ ಮೇಲೆ ನಾನು ಎಷ್ಟು ಕಟ್ಟಿಕೊಂಡಿದ್ದೆ. ಅಂಗಡಿಯಲ್ಲಿ ವ್ಯಾಪಾರವಿಲ್ಲದ ಮಧ್ಯಾಹ್ನಗಳಲ್ಲಿ, ಸಿದ್ರಾ ಹುಟ್ಟುವಾಗ ಆಸ್ಪತ್ರೆಯ ಬೆಂಚಿನ ಮೇಲೆ, ಅದನ್ನೇ ನೆನೆದು ಧೈರ್ಯ ತಂದುಕೊಂಡವನು ನಾನು. ಅದರಲ್ಲಿ ಅವಳು ಇರಲೇ ಇಲ್ಲ ಎಂದರೆ, ಅವಳಿದ್ದದ್ದು ಎಲ್ಲಿ?

"ಹಾಗಾದ್ರೆ ನೀನು ಅಲ್ಲಿ ಏನು ಮಾಡ್ತಿದ್ದೆ?" ಎಂದು ಕೇಳಿದೆ.

ಅವಳ ನಗು ನಿಂತಿತು. ನನ್ನನ್ನು ನೋಡಿದಳು. ಮೆಂತ್ಯದ ಸೊಪ್ಪನ್ನಲ್ಲ, ನನ್ನನ್ನು.

"ನಿಮ್ಮನ್ನ ನೋಡ್ತಿದ್ದೆ" ಎಂದಳು. "ಒಳಗೆ ಕತ್ತಲೆ, ಹೊರಗೆ ಬೆಳಕು. ಪರದೆಯಿಂದ ಎಲ್ಲ ಕಾಣ್ತಿತ್ತು. ಅಮ್ಮಿ ಒಂದ್ಸಲ, ನೀನೂ ಆಡು ಅಂತ ಚೆಂಡು ಕೊಡೋಕೆ ಬಂದ್ರು. ನಾನೇ ಬೇಡ ಅಂದೆ. ಚೆಂಡು ಹಿಡ್ಕೊಂಡ್ರೆ ಟಿ.ವಿ. ನೋಡ್ಬೇಕು. ನಿಮ್ಮ ಮುಖ ನೋಡೋದು ಯಾರು?"

ಅವಳು ನೆಲದಲ್ಲಿ ಬಿದ್ದಿದ್ದ ತಂತಿಯ ಚೂರೊಂದನ್ನು ಹೆಕ್ಕಿದಳು.

"ಆಮೇಲೆ ಆ ಮುಖ ಎಲ್ಲಿ ಹೋಯ್ತೋ. ಅಂಗಡಿ, ಸಾಲಕ್ಕೆ ಕೇಳೋರು, ಮೊಬೈಲು. ಹೋಗ್ಲಿ, ವಯಸ್ಸಾಯ್ತು ಅಂದ್ಕೊಂಡೆ. ಈ ವೈರುಗಳನ್ನ ಹರಡ್ಕೊಂಡು ಕೂತಾಗಿಂದ ಮತ್ತೆ ಬಂದಿದೆ. ದಿನಾ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡ್ತಾನೇ ಇದೀನಿ. ನೀವು ತಲೆ ಎತ್ತಿದಾಗ ಏನಾದ್ರೂ ಬೈದ್ಬಿಟ್ಟು ಒಳಗೆ ಹೋಗ್ತಿದ್ದೆ, ಅಷ್ಟೇ."

ಐವತ್ತೊಂಬತ್ತು ವರ್ಷದ ಮನುಷ್ಯನಿಗೆ ಹೆಂಡತಿ ಇಂಥ ಮಾತು ಹೇಳಿದರೆ ಅವನ ಗತಿ ಏನಾಗಬೇಕು? ಉಳಿದ ಕೂದಲನ್ನು ಕೈಯಿಂದ ಸರಿಮಾಡಿಕೊಂಡೆ. ಎದೆ ತುಸು ಉಬ್ಬಿತು. ಇನ್ನೂ ಸ್ವಲ್ಪ ಕೇಳಬೇಕೆನಿಸಿತು. ಅಲ್ಲೇ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು.

"ಅಂಥಾದ್ದು ಏನಿರುತ್ತೆ ಆ ಮುಖದಲ್ಲಿ?" ಎಂದೆ.

"ಬಾಯಿ ತೆರ್ಕೊಂಡು ಇರ್ತೀರಲ್ಲ," ಎಂದಳು ಜಹನಾರಾ, ಬಹಳ ಪ್ರೀತಿಯಿಂದ, "ಕೆಳಗಿನ ತುಟಿ ಜೋತುಹಾಕ್ಕೊಂಡು, ಕಣ್ಣೆದುರಿಗೇ ಬಸ್ ಹೊರಟುಹೋದೋರ ಥರ. ಅದೇ."

"ಹೌದು ಹೌದು" ಎಂದರು ಅಮ್ಮಿ. "ನಾನೂ ನೋಡಿದೀನಿ. ಸ್ವಲ್ಪ ಪೆದ್ದು ಇರಬಹುದು, ಆದರೆ ಒಳ್ಳೇದು ಅಂತ ಅದಕ್ಕೇ ಅಂದ್ಕೊಂಡಿದ್ದು."

ನಾನು ಬಾಯಿ ಮುಚ್ಚಿದೆ. ತುಟಿಗಳನ್ನು ಗಟ್ಟಿಯಾಗಿ ಒತ್ತಿಕೊಂಡು, ಆತ್ಮಗೌರವವಿರುವ ಒಬ್ಬ ವ್ಯಾಪಾರಸ್ಥನ ಹಾಗೆ ಟಿ.ವಿ.ಯ ಕಡೆ ತಿರುಗಿ ಕೂತೆ.

"ವಾಜಿದ್ ಮಿಯಾ, ಮೂಲೇಲಿ ಸಿಕ್ಕಾಕೊಂಡೆ" ಎಂದರು ಅಮ್ಮಿ. "ಬನ್ನಿ."

ಮೌಸು ಹಿಡಿದೆ. ಜಹನಾರಾ ಚಹಾದ ಲೋಟ ತೆಗೆದುಕೊಂಡು ಬಂದು ಟಿ.ವಿ.ಗೆ ಬೆನ್ನು ಮಾಡಿ, ನನ್ನ ಎದುರಿಗೆ ಕೂತಳು.

"ಬಾಯಿ ಮುಚ್ಬೇಡಿ ರೀ" ಎಂದಳು. "ಹಾಗೇ ಇರ್ಲಿ."